ನಿಮಗಿದು ಗೊತ್ತೆ? ಗೊರಕೆಗೂ ಎದೆಯುರಿಗೂ ನಂಟು

ಜೋರಾಗಿ ಗೊರಕೆ ಹೊಡೆಯುತ್ತಿದ್ದವರು ಒಮ್ಮೆಲೇ ಸದ್ದಡಗಿ, ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಎದ್ದು ಕೂರುವುದುಂಟು. ಇದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ವೈದ್ಯರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗಂಟೆಗೆ 30 ಬಾರಿ ಅಥವಾ ಹೆಚ್ಚು ಹೀಗಾದರೆ ಕಾಯಿಲೆ ತೀವ್ರವೆಂದೇ ಅರ್ಥ.

ಹೊಟ್ಟೆಗೇನು ಸಂಬಂಧ? ಗಂಟಲು ಮುಚ್ಚಿದ್ದರೂ ಉಸಿರೆಳೆಯಲು ದೇಹ ಹೆಣಗುತ್ತದೆ. ಆಗ ಎದೆಗೂಡಿನೊಳಗಿನ ಒತ್ತಡ ತೀರಾ ಕುಸಿದು, ಆ ಸೆಳೆತಕ್ಕೆ ಜಠರದ ಆಮ್ಲ ಅನ್ನನಾಳಕ್ಕೆ ಏರಿ ಎದೆಯುರಿ ತರಬಹುದು. ಎಚ್ಚರವಿದ್ದಾಗ ಉಗುಳು ನುಂಗಿದರೆ ಆಮ್ಲ ತೊಳೆದುಹೋಗುತ್ತದೆ. ನಿದ್ದೆಯಲ್ಲಿ ಉಗುಳೂ ಕಡಿಮೆ, ನುಂಗುವುದೂ ಕಡಿಮೆ. ಬೆಳಗ್ಗೆ ಬಾಯೆಲ್ಲ ಹುಳಿ, ದನಿ ಒರಟು. ಆಮ್ಲ ಶ್ವಾಸನಾಳಕ್ಕೆ ಇಳಿದರೆ ಕೆಮ್ಮು, ಉಬ್ಬಸ. ಇಳಿಯಲೇಬೇಕೆಂದೂ ಇಲ್ಲ: ಅನ್ನನಾಳ ಕೆರಳಿದರೆ ಸಾಕು, ವೇಗಸ್ ನರದ ಮೂಲಕ ಶ್ವಾಸನಾಳಗಳು ಬಿಗಿದುಕೊಳ್ಳಬಲ್ಲವು. ಬೊಜ್ಜು ಸ್ಲೀಪ್ ಆಪ್ನಿಯಾ, ಎದೆಯುರಿ ಎರಡನ್ನೂ ಹೆಚ್ಚಿಸುತ್ತದೆ.

ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಜಗತ್ತಿಗೆ ಪರಿಚಯಿಸಿದ ಸಿಪ್ಯಾಪ್ ಚಿಕಿತ್ಸೆ, ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುತ್ತದೆ. ಅದನ್ನು ಬಳಸುವ ಹಲವರಲ್ಲಿ ರಾತ್ರಿಯ ಎದೆಯುರಿಯೂ ತಗ್ಗುತ್ತದೆ.

ರಾತ್ರಿ ಊಟ ಮಲಗುವುದಕ್ಕೆ 3 ಗಂಟೆ ಮೊದಲೇ ಮುಗಿಯಲಿ. ಎಡಮಗ್ಗುಲಲ್ಲಿ ಮಲಗುವುದು ಒಳ್ಳೆಯದು. ಮನೆಯವರ ಉಸಿರು ನಿದ್ದೆಯಲ್ಲಿ ನಿಂತು ನಿಂತು ಬರುತ್ತಿದ್ದರೆ, ಬರೀ ಗ್ಯಾಸ್ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ವೈದ್ಯರಿಗೆ ತಿಳಿಸಿ, ನಿದ್ರಾ ಪರೀಕ್ಷೆ ಮಾಡಿಸಿ.