ಕಡಲ ಮೊಲಕ್ಕೂ ನಮ್ಮ ಇಂಟರ್ನಲ್ಸ್‌ಗೂ ಏನು ಸಂಬಂಧ?

ಇಂಟರ್ನಲ್ಸ್ ಹಿಂದಿನ ರಾತ್ರಿ ನಮ್ಮ ಹಾಸ್ಟೆಲ್‌ಗಳಲ್ಲಿ ಲೈಟ್ ಆರೋದೇ ಇಲ್ಲ. ಎರಡು ಮಾಡ್ಯೂಲ್ ಒಂದೇ ರಾತ್ರಿ ಓದಿ ಮುಗಿಸ್ತೀವಿ, ಬೆಳಿಗ್ಗೆ ಬರೀತೀವಿ, ವಾರದೊಳಗೆ ಮರೀತೀವಿ. ಹೀಗ್ಯಾಕ ಆಗ್ತದ ಅನ್ನೋದಕ್ಕೆ ಒಂದು ಒಳ್ಳೆಯ ಸುಳಿವು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ತಣ್ಣನೆಯ ಕರಾವಳಿಯ ಒಂದು ಮೆತ್ತನೆ ಪ್ರಾಣಿಯಿಂದ.

ಅದರ ಹೆಸರು ಅಪ್ಲಿಸಿಯಾ ಕ್ಯಾಲಿಫೋರ್ನಿಕಾ. ಮಳೆಗಾಲದಲ್ಲಿ ನಮ್ಮ ಕಾಂಪೌಂಡ್ ಗೋಡೆ ಮೇಲೆ ಹರಿಯೋ ಬಸವನಹುಳುವಿನ ದೂರದ ಸಂಬಂಧಿ. ಆದರೆ ಇದರ ಮೈಮೇಲೆ ಚಿಪ್ಪಿನ ಮನೆ ಇಲ್ಲ. ತಲೆ ಮೇಲಿನ ಎರಡು ಕೊಂಬು ಮೊಲದ ಕಿವಿಯಂತೆ ಕಾಣೋದರಿಂದ ಇದಕ್ಕೆ 'ಕಡಲ ಮೊಲ' ಅಂತಲೂ ಹೆಸರು. ಕಡಲ ಪಾಚಿ ತಿನ್ನುತ್ತದೆ, ಕೆಣಕಿದರೆ ನೇರಳೆ ಶಾಯಿ ಬಿಡುತ್ತದೆ.

ಚಿಪ್ಪಿಲ್ಲದ ಇಂಥ ಕಡಲ ಹುಳುಗಳು ನಮಗೂ ದೂರದವಲ್ಲ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡೋರಿಗೆ ಬಣ್ಣಬಣ್ಣದವು ಕಾಣಸಿಗುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ತನ್ನ ಸಾಗರ ಜೀವಶಾಸ್ತ್ರ ವಿಭಾಗವನ್ನು ಘಟ್ಟದ ಕೆಳಗೆ, ಕಾರವಾರದಲ್ಲಿ ಇಟ್ಟಿದೆ.

ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ನೆನಪಿನ ಅಧ್ಯಯನಕ್ಕೆ ಈ ಕಡಲ ಮೊಲವನ್ನೇ ಆರಿಸಿಕೊಂಡರು. ಕಾರಣ ಪಕ್ಕಾ ಎಂಜಿನಿಯರಿಂಗ್: ದೊಡ್ಡ ಸಿಸ್ಟಮ್ ಅರ್ಥವಾಗದಿದ್ದರೆ ಸಣ್ಣದನ್ನು ಬಿಚ್ಚಿ ನೋಡು. ಮನುಷ್ಯನ ಮಿದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇದರಲ್ಲಿ ಸುಮಾರು 20,000 ಮಾತ್ರ, ಕೆಲವಂತೂ ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಯಾವ ಕೋಶ ಯಾವುದಕ್ಕೆ ಜೋಡಿಸಿದೆ ಅಂತ ಸರ್ಕ್ಯೂಟ್ ಡಯಾಗ್ರಾಂ ಬರೆಯಬಹುದು.

ಪ್ರಯೋಗ ಸರಳ. ಇದರ ನೀರು ಬಿಡುವ ಕೊಳವೆಯನ್ನು ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮೆಲ್ಲಗೆ ಮುಟ್ಟಿದರೆ 'ಇದೇನು ಅಪಾಯವಲ್ಲ ಬಿಡು' ಅಂತ ಸುಮ್ಮನಾಗುತ್ತದೆ. ಬಾಲಕ್ಕೆ ಶಾಕ್ ಕೊಟ್ಟರೆ ಮಾತ್ರ ಆಮೇಲೆ ಸಣ್ಣ ಸ್ಪರ್ಶಕ್ಕೂ ಬೆಚ್ಚುತ್ತದೆ. ಹಾಗಾದರೆ ಒಳಗೆ ಬದಲಾಗಿದ್ದೇನು? ವೈರಿಂಗ್ ಅದೇ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗದಲ್ಲಿ ಸುರಿಯುವ ರಾಸಾಯನಿಕ ಮೊದಲನೆಯದರಲ್ಲಿ ಕಮ್ಮಿ, ಎರಡನೆಯದರಲ್ಲಿ ಜಾಸ್ತಿ. ನ್ಯೂರಲ್ ನೆಟ್‌ವರ್ಕ್ ಓದಿದವರು ಇದನ್ನು 'ವೇಟ್' ಬದಲಾಯಿತು ಅಂದುಕೊಳ್ಳಬಹುದು.

ಇದು ಅಲ್ಪಕಾಲದ ನೆನಪು. ನೆನಪು ವಾರಗಟ್ಟಲೆ ಉಳಿಯಬೇಕಾದರೆ ಕೋಶದೊಳಗಿನ ಜೀನ್‌ಗಳು ಎಚ್ಚರವಾಗಿ ಹೊಸ ಪ್ರೋಟೀನ್ ತಯಾರಾಗಬೇಕು. ಆಗ ಸಂಪರ್ಕಗಳ ಸಂಖ್ಯೆಯೇ ಬದಲಾಗುತ್ತದೆ: ಶಾಕ್ ಕಲಿತ ಪ್ರಾಣಿಯಲ್ಲಿ ಹೆಚ್ಚುತ್ತದೆ, ಸ್ಪರ್ಶಕ್ಕೆ ಒಗ್ಗಿದ ಪ್ರಾಣಿಯಲ್ಲಿ ಇಳಿಯುತ್ತದೆ. ಅಂದರೆ ಸರ್ಕ್ಯೂಟ್‌ನಲ್ಲಿ ಹೊಸದಾಗಿ ಬೆಸುಗೆ ಹಾಕಿದ ಹಾಗೆ, ಅಥವಾ ಬಿಚ್ಚಿದ ಹಾಗೆ. ಅದಕ್ಕೆ ಹೊತ್ತು ಬೇಕೇ ಬೇಕು.

1972ರಲ್ಲಿ ಕ್ಯಾಂಡೆಲ್ ತಂಡ ಒಂದು ಗುಂಪಿಗೆ ಒಂದೇ ದಿನ 40 ಸಲ ಸ್ಪರ್ಶದ ಪಾಠ ಮಾಡಿತು. ಇನ್ನೊಂದಕ್ಕೆ ದಿನಕ್ಕೆ 10ರಂತೆ 4 ದಿನ. ಒಟ್ಟು ಪಾಠ ಅಷ್ಟೇ. ವಾರದ ನಂತರ ನೋಡಿದರೆ ಬಿಡಿಬಿಡಿಯಾಗಿ ಕಲಿತ ಗುಂಪೇ ಚೆನ್ನಾಗಿ ನೆನಪಿಟ್ಟಿತ್ತು. ನೆನಪಿನ ಈ ಕೆಲಸಕ್ಕಾಗಿ ಕ್ಯಾಂಡೆಲ್‌ಗೆ 2000ರಲ್ಲಿ, ಇನ್ನಿಬ್ಬರ ಜೊತೆ, ನೊಬೆಲ್ ಬಂತು.

ಹುಳುವಿನ ಪಾಠವೇ ಬೇರೆ, ನಮ್ಮ ಸಿಲಬಸ್ಸೇ ಬೇರೆ ಅಂತೀರಾ? ಬಿಟ್ಟು ಬಿಟ್ಟು ಓದಿದರೆ ಹೆಚ್ಚು ಉಳಿಯುತ್ತದೆ ಅನ್ನೋದನ್ನು ಎಬಿಂಗ್‌ಹಾಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟಿದ್ದ. ಹಾಗಾಗಿ ಒಂದು ರಾತ್ರಿಯ ನಾಲ್ಕು ತಾಸನ್ನು ನಾಲ್ಕು ದಿನಕ್ಕೆ ಹಂಚಿ ನೋಡ್ರಿ. ಖರ್ಚಾಗೋ ಹೊತ್ತು ಅಷ್ಟೇ, ಉಳಿಯೋದು ಜಾಸ್ತಿ.