ಹಲ್ಲು ಬರೋ ಮಗುವಿಗೆ ಏನು ಕೊಡಬೇಕು, ಏನು ಕೊಡಬಾರದು?

ವಿಡಿಯೋ ನೋಡೋಕೆ ಟೈಮ್ ಇಲ್ಲದವರಿಗಾಗಿ ಅದರಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಪುಣೆಯಲ್ಲಿ ಕೋಡ್ ಬರೆಯೋ ಎಂಜಿನಿಯರ್. ಒಂದು ತಪ್ಪು ಮಾಡಿ, ಆಮೇಲೆ ಕೂತು ಓದಿದ ಅಪ್ಪ, ಅಷ್ಟೇ.

ಮಗಳಿಗೆ ಆಗ ಏಳು ತಿಂಗಳು. ಜೊಲ್ಲು ಸುರಿಸೋದು, ಸಿಕ್ಕಿದ್ದೆಲ್ಲ ಕಚ್ಚೋದು, ರಾತ್ರಿ ಅಳೋದು ಶುರುವಾಯ್ತು. ಮೂರೇ ದಿನದಲ್ಲಿ ನಮಗೆ ನಾಲ್ಕು ಔಷಧಿ ಸಿಕ್ಕವು. ದಾವಣಗೆರೆಯಿಂದ ಬಂದಿದ್ದ ನಮ್ಮ ಅತ್ತೆ ಬಜೆ ತಂದಿದ್ದರು, ತೇಯ್ದು ಜೇನುತುಪ್ಪದ ಜೊತೆ ನೆಕ್ಕಿಸೋಕೆ. ಪಕ್ಕದ ಫ್ಲಾಟಿನವರು ಹೋಮಿಯೋಪತಿ ಸಿಹಿ ಮಾತ್ರೆ ಕೊಟ್ಟರು. ಆಫೀಸಿನ ಗೆಳೆಯ ಒಸಡಿಗೆ ಹಚ್ಚೋ ಜೆಲ್ ಹೇಳಿದ. ನಾನೇ ಆನ್‌ಲೈನಲ್ಲಿ ಆಂಬರ್ ಮಣಿಯ ಸರ ಆರ್ಡರ್ ಮಾಡಿದೆ.

ಅದೇ ವಾರ ಮಗುವಿಗೆ ಭೇದಿ, ಜ್ವರ. "ಹಲ್ಲು ಬರೋ ಮುಂದ ಭೇದಿ ಆಗೋದು ಇದ್ದದ್ದೇ, ನೀವೇನ್ ಗಾಬರಿ ಆಗಬ್ಯಾಡ್ರಿ" ಅಂದರು ಅತ್ತೆ. ನಮ್ಮಮ್ಮನೂ ಫೋನಲ್ಲಿ ಅದನ್ನೇ ಹೇಳಿದರು. ನಿಜ ಹೇಳ್ಬೇಕಂದ್ರೆ ನನಗೂ ಆ ಉತ್ತರವೇ ಬೇಕಿತ್ತು, ಆಫೀಸಲ್ಲಿ ರಿಲೀಸ್ ಇತ್ತು. ಎರಡನೇ ರಾತ್ರಿ ಹೆಂಡತಿ ಡೈಪರ್ ಮುಟ್ಟಿ ನೋಡಿ "ಸಂಜೆಯಿಂದ ಒಣಗೇ ಇದೆ ರೀ" ಅಂದಳು. ಮಗು ಅಳ್ತಿತ್ತು, ಕಣ್ಣೀರು ಬರ್ತಿರಲಿಲ್ಲ. ಆಸ್ಪತ್ರೆಗೆ ಓಡಿದ್ವಿ. ಡ್ರಿಪ್ ಹಾಕಿದರು. ಆಮೇಲೆ ಓಆರ್‌ಎಸ್, 14 ದಿನ ಝಿಂಕ್. ಡಾಕ್ಟರ್ ಬೈಯಲಿಲ್ಲ, ಒಂದೇ ಮಾತು ಹೇಳಿದರು: "ಹಲ್ಲಿನಿಂದ ಇಷ್ಟು ಭೇದಿ ಆಗಲ್ಲ."

ಮನೆಗೆ ಬಂದ ಮೇಲೆ ಓದಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 125 ಮಕ್ಕಳ ತಂದೆತಾಯಿಯರಿಂದ ದಿನಾ ಲಕ್ಷಣಗಳನ್ನು ಬರೆಸಿ, 475 ಹಲ್ಲುಗಳ ಲೆಕ್ಕ ಇಟ್ಟು, 2000ದಲ್ಲಿ ಪ್ರಕಟಿಸಿದರು. ಹಲ್ಲು ಹೊರಬರೋ ದಿನದ ಹಿಂದಿನ ನಾಲ್ಕು ದಿನ, ಆ ದಿನ, ಮುಂದಿನ ಮೂರು ದಿನ, ಹೀಗೆ ಒಟ್ಟು ಎಂಟು ದಿನದಲ್ಲಿ ಜೊಲ್ಲು, ಕಚ್ಚೋದು, ಕಿರಿಕಿರಿ, ಎಚ್ಚರವಾಗಿರೋದು ಜಾಸ್ತಿ ಇತ್ತು. ಮೈ ಸ್ವಲ್ಪ ಬೆಚ್ಚಗಾಗಬಹುದು. ಆದರೆ ಜೋರು ಜ್ವರ, ವಾಂತಿ, ಭೇದಿ, ಕೆಮ್ಮು ಇವಕ್ಕೂ ಹಲ್ಲಿಗೂ ಸಂಬಂಧ ಕಾಣಲಿಲ್ಲ.

ಹಾಗಾದ್ರೆ ಹಲ್ಲು ಬರೋ ಹೊತ್ತಿಗೇ ಭೇದಿ ಯಾಕೆ? ಆರು ತಿಂಗಳ ಆಸುಪಾಸಲ್ಲಿ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕಡಿಮೆಯಾಗ್ತಾ ಬರುತ್ತೆ, ಮೇಲಿನ ಆಹಾರ ಶುರುವಾಗುತ್ತೆ, ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತೆ. ಎರಡೂ ಒಟ್ಟಿಗೆ ಬರ್ತವೆ, ಒಂದರಿಂದ ಇನ್ನೊಂದಲ್ಲ. ಬಂದ ಪ್ರತಿ ಬಗ್ಗನ್ನೂ "ನೋನ್ ಇಶ್ಯೂ" ಅಂತ ಕ್ಲೋಸ್ ಮಾಡೋ ಟೀಮ್ ಇರುತ್ತಲ್ಲ, ನಾವು ಮಾಡಿದ್ದು ಅದೇ.

ಈಗ ಆ ನಾಲ್ಕು ಔಷಧಿಗೆ ಬರೋಣ.

ಜೇನುತುಪ್ಪ ಮತ್ತು ಬಜೆ: ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಒಂದು ಹನಿಯೂ ಬೇಡ. ಅದರಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಅವು ಮಗುವಿನ ಕರುಳಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಮಾಡ್ತವೆ. ಬಜೆಯಲ್ಲಿ ಬೀಟಾ-ಅಸರೋನ್ ಅನ್ನೋ ರಾಸಾಯನಿಕ ಇದೆ, ನಮ್ಮ ದೇಶದ ಬಜೆಯಲ್ಲಿ ಇನ್ನೂ ಹೆಚ್ಚು. ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸೋದನ್ನು ನಿಷೇಧಿಸಿತು.

ಸಿಹಿ ಮಾತ್ರೆ: ಹಲ್ಲಿಗೆ ಕ್ಯಾಲ್ಸಿಯಂ ಕೊಡ್ತೀವಿ ಅಂತ ಮಾರ್ತಾರೆ. ಲೆಕ್ಕ ಹಾಕಿ. 3ಎಕ್ಸ್ ಅಂದ್ರೆ ಸಾವಿರದಲ್ಲಿ ಒಂದು ಭಾಗ. 100 ಮಿಲಿಗ್ರಾಂ ಮಾತ್ರೆಯಲ್ಲಿ ಲವಣ ಇರೋದು 0.1 ಮಿಲಿಗ್ರಾಂ, ಉಳಿದದ್ದು ಲ್ಯಾಕ್ಟೋಸ್ ಸಕ್ಕರೆ. ತಾಯಿಹಾಲಿನಿಂದ ದಿನಕ್ಕೆ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಹೇಗೂ ಸಿಗುತ್ತೆ. "ಉಪಯೋಗ ಇಲ್ಲದಿದ್ರೂ ತೊಂದರೆ ಇಲ್ವಲ್ಲ" ಅಂತ ನಾನೂ ಅಂದ್ಕೊಂಡಿದ್ದೆ. ಆದರೆ ಅಮೆರಿಕದ ಎಫ್‌ಡಿಎ 2016ರಲ್ಲಿ ಇಂಥ ಹಲ್ಲಿನ ಮಾತ್ರೆ, ಜೆಲ್ ಬಳಸಬೇಡಿ ಅಂತ ಎಚ್ಚರಿಸಿತು. 2017ರಲ್ಲಿ ಲ್ಯಾಬ್ ಫಲಿತಾಂಶ ಬಂತು: ಕೆಲವು ಮಾತ್ರೆಗಳಲ್ಲಿ ಬೆಲ್ಲಡೋನಾ ಅನ್ನೋ ವಿಷಸಸ್ಯದ ಅಂಶ ಲೇಬಲ್‌ನಲ್ಲಿ ಬರೆದಿದ್ದಕ್ಕಿಂತ ಎಷ್ಟೋ ಹೆಚ್ಚು, ಅದೂ ಒಂದೊಂದು ಮಾತ್ರೆಯಲ್ಲಿ ಒಂದೊಂದು ಥರ. ಲೇಬಲ್ ಒಂದು, ಒಳಗಿರೋದು ಇನ್ನೊಂದು.

ಒಸಡಿನ ಜೆಲ್: ಬೆಂಜೋಕೇನ್ ಇದ್ದರೆ ಎರಡು ವರ್ಷದೊಳಗೆ ಬೇಡವೇ ಬೇಡ. ರಕ್ತ ಆಮ್ಲಜನಕ ಸಾಗಿಸೋ ಶಕ್ತಿಯನ್ನೇ ಅದು ಇಳಿಸಬಹುದು. 2018ರಲ್ಲಿ ಎಫ್‌ಡಿಎ ಇದರ ಬಗ್ಗೆ ಕಟ್ಟುನಿಟ್ಟಾಗಿ ಹೇಳಿತು. ಲಿಡೊಕೇನ್ ಜೆಲ್ ಕೂಡ ಬೇಡ. ಹಚ್ಚಿದ್ದು ಜೊಲ್ಲಿನ ಜೊತೆ ಸ್ವಲ್ಪ ಹೊತ್ತಲ್ಲೇ ಹೋಗಿಬಿಡುತ್ತೆ, ಉಪಯೋಗವೂ ಕಡಿಮೆ.

ಆಂಬರ್ ಸರ: ಮೈಯ ಬಿಸಿಗೆ ಮಣಿಯಿಂದ ನೋವಿನ ಮದ್ದು ಇಳಿಯುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಮಲಗಿದ್ದಾಗ ಈ ಸರ ಕುತ್ತಿಗೆಗೆ ಬಿಗಿದು 18 ತಿಂಗಳ ಮಗುವೊಂದು ಸತ್ತಿದೆ. ಕೈಗೆ ಕಟ್ಟಿದರೂ ಮಣಿ ಕಿತ್ತು ಗಂಟಲಿಗೆ ಹೋಗಬಹುದು. ನಮ್ಮ ಮನೆಗೆ ಪಾರ್ಸೆಲ್ ಬಂದಿದ್ದು ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ. ಬಿಚ್ಚದೇ ರಿಟರ್ನ್ ಮಾಡಿದೆ.

"ನಮ್ಮ ಮಗುವಿಗೆ ಕೆಲಸ ಮಾಡ್ತು" ಅನ್ನೋರು ಸುಳ್ಳು ಹೇಳ್ತಿಲ್ಲ. ಕಿರಿಕಿರಿ ನಾಲ್ಕೈದು ದಿನದಲ್ಲಿ ತಾನಾಗೇ ಇಳಿಯುತ್ತೆ. ಆಗ ಏನು ಕೊಟ್ಟಿದ್ದೆವೋ ಅದಕ್ಕೇ ಹೆಸರು.

ಮತ್ತೆ ಮಾಡೋದೇನು? ಕೈ ತೊಳೆದು ಬೆರಳಿಂದ ಒಸಡು ಮೆಲ್ಲಗೆ ಉಜ್ಜಿ. ಒದ್ದೆ ಮಾಡಿದ ಶುಭ್ರ ಬಟ್ಟೆಯನ್ನೋ, ಗಟ್ಟಿ ರಬ್ಬರ್ ಟೀದರನ್ನೋ ಫ್ರಿಜ್‌ನಲ್ಲಿಟ್ಟು ಕೊಡಿ, ಫ್ರೀಜರ್‌ನಲ್ಲಿ ಬೇಡ. ಗಲ್ಲದ ಜೊಲ್ಲು ಒರೆಸ್ತಾ ಇರಿ, ಇಲ್ಲಾಂದ್ರೆ ಚರ್ಮ ಕೆಂಪಾಗುತ್ತೆ. ಕ್ಯಾರೆಟ್ ತುಂಡು ಕೊಡಬೇಡಿ, ಮುರಿದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ತೀರಾ ನೋವಿದ್ದರೆ ಡಾಕ್ಟರನ್ನು ಕೇಳಿ, ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್.

ಜ್ವರ 38 ಡಿಗ್ರಿ ದಾಟಿದರೆ, ಪದೇ ಪದೇ ಭೇದಿ, ವಾಂತಿ ಆದರೆ, ಆರು ಗಂಟೆ ಡೈಪರ್ ಒಣಗೇ ಇದ್ದರೆ, ಮಗು ಸುಸ್ತಾಗಿ ಹಾಲು ಬಿಟ್ಟರೆ ಹಲ್ಲಿನ ಮಾತು ಬಿಟ್ಟು ಡಾಕ್ಟರ ಹತ್ರ ಹೋಗಿ. ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕೊಡ್ತಾ, ಎದೆಹಾಲು ಮುಂದುವರಿಸಿ.

ಕೊನೆಗೆ, ಹಿರಿಯರ ಜೊತೆ ಜಗಳ ಆಡಬೇಡಿ. ನಮ್ಮ ಅತ್ತೆಗೆ ಇದನ್ನೆಲ್ಲ ಕೂತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲಕ್ಕ ಇದನ್ನ ಹೇಳೋರು ಯಾರಿದ್ರು?" ಅಂದರು. ಬಜೆ ಈಗ ದೇವರ ಮನೆಯಲ್ಲಿದೆ. ಮಗುವಿನ ಒಸಡು ಉಜ್ಜೋ ಕೆಲಸ ಅವರದೇ.

ಊರಿಂದ ದೂರ ಇದ್ದು ಫೋನ್ ಸಲಹೆಯಲ್ಲೇ ಮಗು ಸಾಕ್ತಿರೋ ಗೆಳೆಯರಿದ್ದರೆ ಇದನ್ನು ಕಳಿಸಿ.