ಹಳೆಯ ಕೀಲಿಮಣೆಗೆ ಹೊಸ ಬಣ್ಣ: ಅವಸರವೇ ಮೊದಲ ಶತ್ರು

ಶಿಗ್ಗಾಂವ: ತಾಲ್ಲೂಕಿನ ಗೊಟಗೋಡಿಯ ಬಳಿ, ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿರುವ ಉತ್ಸವ ರಾಕ್ ಗಾರ್ಡನ್ ನಾಡಿನ ಮೂಲೆಮೂಲೆಗಳಿಂದ ಜನರನ್ನು ಸೆಳೆಯುತ್ತಿದೆ. ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಮೂಡಿದ ಇಲ್ಲಿನ ಸಿಮೆಂಟ್ ಶಿಲ್ಪಗಳು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಕಣ್ಣೆದುರು ನಿಲ್ಲಿಸುತ್ತವೆ. ಅವುಗಳಿಗೆ ಜೀವಕಳೆ ತಂದಿರುವುದು ಬಣ್ಣ. ಸಿಮೆಂಟಿನ ಮೈ ಒರಟು. ಅದರ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಬಣ್ಣ ಬೇರೂರುತ್ತದೆ.

ಕಂಪ್ಯೂಟರಿನ ಕೀಲಿಮಣೆಯ ಕವಚ ಇದಕ್ಕೆ ತದ್ವಿರುದ್ಧ. ಅದರ ನುಣುಪಾದ ಪ್ಲಾಸ್ಟಿಕ್ ಬಣ್ಣವನ್ನು ಹೀರುವುದಿಲ್ಲ. ಗೋಡೆಗೆ, ಬಾಗಿಲಿಗೆ ಬಳಿದ ಅನುಭವವನ್ನೇ ನಂಬಿ ಇದಕ್ಕೂ ಬಣ್ಣ ಬಳಿದರೆ, ಅದು ಕೆಲವೇ ವಾರಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಹೊಸಬರು ಎಡವುವುದು ಬಣ್ಣದ ಆಯ್ಕೆಯಲ್ಲಲ್ಲ, ಬಣ್ಣಕ್ಕೆ ಮುನ್ನ ನಡೆಯಬೇಕಾದ ಸಿದ್ಧತೆಯಲ್ಲಿ.

ಹಳದಿಯಾಗುವುದೇಕೆ?

ಬಹುತೇಕ ಕೀಲಿಮಣೆಗಳ ಕವಚ ಎಬಿಎಸ್ ಎಂಬ ಪ್ಲಾಸ್ಟಿಕ್‌ನದು. ಸೂರ್ಯನ ಅತಿನೇರಳೆ ಕಿರಣ ಹಾಗೂ ಗಾಳಿಯಲ್ಲಿರುವ ಆಮ್ಲಜನಕಗಳ ಪ್ರಭಾವದಿಂದ ವರ್ಷಗಳು ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಲೇಪಿಸಿ ಬಿಸಿಲಿಗಿಟ್ಟು ಮತ್ತೆ ಬಿಳುಪು ತರುವ ವಿಧಾನವನ್ನು ವಿದೇಶದ ಹವ್ಯಾಸಿಗಳು 2008ರ ಸುಮಾರಿಗೆ ಪ್ರಚಾರಕ್ಕೆ ತಂದರು. ಆದರೆ ಹಾಗೆ ಬಿಳುಪಾದದ್ದು ಕಾಲಕ್ರಮೇಣ ಮತ್ತೆ ಹಳದಿಯಾಗುವುದುಂಟು. ಆದ್ದರಿಂದ ಬಣ್ಣ ಹಚ್ಚುವುದು ಇನ್ನೊಂದು ದಾರಿ.

ಸಿದ್ಧತೆಯೇ ಮುಕ್ಕಾಲು ಕೆಲಸ

ಮೊದಲು ಕೀಲಿಮಣೆಯನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಬೇಕು. ಕೆಲವು ಸ್ಕ್ರೂಗಳು ಅಂಟಿಸಿದ ಚೀಟಿಯ ಕೆಳಗೆ ಅಡಗಿರುತ್ತವೆ. ಕವಚ ಸುಲಭವಾಗಿ ಬಿಚ್ಚದಿದ್ದರೆ ಬಲ ಪ್ರಯೋಗಿಸಕೂಡದು. ಅಂಚಿನ ಒಳಗಿರುವ ಪ್ಲಾಸ್ಟಿಕ್ ಕೊಂಡಿಗಳು ಮುರಿದಾವು. ಬಿಚ್ಚುವ ಮುನ್ನ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಕೀಲಿಗಳನ್ನು ಮರಳಿ ಜೋಡಿಸುವಾಗ ಗೊಂದಲವಾಗದು.

ಒಳಗಿನ ವಿದ್ಯುನ್ಮಾನ ಭಾಗಗಳನ್ನೆಲ್ಲ ಪಕ್ಕಕ್ಕಿರಿಸಿ, ಬರಿಯ ಕವಚವನ್ನು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ವರ್ಷಗಟ್ಟಲೆ ಕೂತ ಬೆರಳಿನ ಜಿಡ್ಡು ಉಳಿದರೆ ಎಂತಹ ಬೆಲೆಬಾಳುವ ಬಣ್ಣವೂ ನಿಲ್ಲದು. ಬಳಿಕ 400ರಿಂದ 600ರ ಅಂಕೆಯ ಸ್ಯಾಂಡ್ ಪೇಪರ್‌ನಿಂದ, ನೀರು ತಾಗಿಸುತ್ತ, ಹೊಳಪು ಮಾಸುವವರೆಗೆ ಹಗುರವಾಗಿ ಉಜ್ಜಬೇಕು. ಸಿಮೆಂಟಿಗೆ ಸಹಜವಾಗಿರುವ ಒರಟುತನವನ್ನು ಪ್ಲಾಸ್ಟಿಕ್‌ಗೆ ನಾವೇ ತಂದುಕೊಡುವ ಹಂತವಿದು. ಉಜ್ಜಿದ ಪುಡಿಯನ್ನು ಒರೆಸಿದ ಮೇಲೆ ಪ್ಲಾಸ್ಟಿಕ್‌ಗೆಂದೇ ತಯಾರಾದ ಪ್ರೈಮರ್ ಹಚ್ಚಬೇಕು.

ಜಿಡ್ಡು ತೆಗೆಯಲು ಥಿನ್ನರ್ ಅಥವಾ ಉಗುರುಬಣ್ಣ ಅಳಿಸುವ ಅಸಿಟೋನ್ ಬಳಸಿದರೆ ಕವಚವೇ ಕೈತಪ್ಪಿ ಹೋದೀತು. ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ತೆಳು ಪದರ, ಒಣ ಹವೆ

ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಸುಮಾರು 20ರಿಂದ 30 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ ಸಿಂಪಡಿಸಬೇಕು. ಒಂದೇ ಸಲಕ್ಕೆ ದಟ್ಟವಾಗಿ ಹೊಡೆದರೆ ಬಣ್ಣ ಸೋರಿ ಗೆರೆಗಳು ಮೂಡುತ್ತವೆ. ಮೂರು ನಾಲ್ಕು ತೆಳು ಪದರಗಳು ಬೇಕು; ನಡುವಿನ ವಿರಾಮ ಎಷ್ಟೆಂಬುದು ಡಬ್ಬಿಯ ಮೇಲೆಯೇ ಇರುತ್ತದೆ. ಕೊನೆಗೆ ಪಾರದರ್ಶಕ ಲೇಪನ ಕೊಟ್ಟರೆ ಅಂಗೈ ಒರಗುವ ಜಾಗದಲ್ಲಿ ಬಣ್ಣ ಬೇಗ ಸವೆಯದು.

ಹವಾಮಾನವನ್ನೂ ಗಮನಿಸಬೇಕು. ಮಲೆನಾಡಿನ ಸೆರಗಿನಲ್ಲಿರುವ ಶಿಗ್ಗಾಂವ, ಹಾನಗಲ್ಲ ಭಾಗಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚು. ಅಂತಹ ದಿನಗಳಲ್ಲಿ ಸಿಂಪಡಿಸಿದ ಬಣ್ಣ ಬೂದು ಹಿಡಿದಂತೆ ಮಸುಕಾಗುತ್ತದೆ. ಬೇಸಿಗೆಯಲ್ಲಿ ಧೂಳಿನ ಕಾಟ. ಮಳೆಯ ನಂತರದ, ಗಾಳಿ ಬೀಸದ ಒಣ ದಿನವೇ ಪ್ರಶಸ್ತ. ಮುಟ್ಟಿದರೆ ಒಣಗಿದಂತೆ ತೋರುವ ಬಣ್ಣವೂ ಒಳಗೆ ಗಟ್ಟಿಯಾಗಲು ಹಲವು ದಿನಗಳು ಬೇಕು. ಒಂದು ವಾರ ಕಾಯ್ದು ಜೋಡಿಸುವುದು ಲೇಸು.

ಆರೋಗ್ಯದ ಎಚ್ಚರ

ಸ್ಪ್ರೇ ಡಬ್ಬಿಯ ಅನಿಲ ಬೆಂಕಿಗೆ ಸುಲಭದ ತುತ್ತು. ಒಲೆ, ದೀಪಗಳ ಹತ್ತಿರ, ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಸಲ್ಲದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ದ್ರಾವಕದ ಆವಿ ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಸೋಸುಕವಿರುವ ಮುಖಗವಸು ಬೇಕು. ಮಕ್ಕಳನ್ನು ದೂರವಿರಿಸಬೇಕು.

ಗೃಹ ಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ರೂಪಿಸಿತು. ಕೀಲಿಮಣೆ ದಿನವಿಡೀ ಬೆರಳು ತಾಗುವ ವಸ್ತು. ಅದೇ ಕೈಯಲ್ಲಿ ಗಿರ್ಮಿಟ್ ತಿನ್ನುವವರೂ ಇದ್ದಾರೆ. ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಬಗೆಗಿನ ಉಲ್ಲೇಖವನ್ನು ಓದಿಕೊಳ್ಳುವುದು ಒಳಿತು.

ಕೀಲಿಗಳಿಗೆ ಬೇಡ

ಬಣ್ಣ ಕವಚಕ್ಕಷ್ಟೇ ಸೀಮಿತವಾಗಿರಲಿ. ಕೀಲಿಗಳಿಗೆ ಹಚ್ಚಿದರೆ ಅಕ್ಷರಗಳು ಮುಚ್ಚಿಹೋಗುತ್ತವೆ, ಬೆರಳಿನ ಉಜ್ಜಾಟಕ್ಕೆ ಬಣ್ಣವೂ ಬಾಳದು. ಕನ್ನಡದಲ್ಲಿ ಬೆರಳಚ್ಚು ಮಾಡುವವರು ಕೀಲಿಗಳ ಮೇಲೆ ಕನ್ನಡ ಅಕ್ಷರಗಳ ಅಂಟುಚೀಟಿಗಳನ್ನು ಹಚ್ಚಿಕೊಳ್ಳಬಹುದು.

ಇಷ್ಟೆಲ್ಲ ಶ್ರಮ ಲಾಭದಾಯಕವೇ? ಸಾಮಾನ್ಯ ಕೀಲಿಮಣೆ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಪ್ರೈಮರ್, ಬಣ್ಣ, ಮೇಲ್ಲೇಪನಗಳ ಮೂರು ಡಬ್ಬಿಗಳ ವೆಚ್ಚ ಅದನ್ನು ಮೀರಬಹುದು. ಆದರೆ ಗಟ್ಟಿಮುಟ್ಟಾದ ಹಳೆಯ ಕೀಲಿಮಣೆಯನ್ನು ಬಣ್ಣಗೆಟ್ಟ ಕಾರಣಕ್ಕೆ ಎಸೆದರೆ ಅದು ಇ-ತ್ಯಾಜ್ಯದ ರಾಶಿ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಕಂಪ್ಯೂಟರ್ ಹಾಗೂ ಅದರ ಉಪಕರಣಗಳೂ ಬರುತ್ತವೆ. ಕೆಟ್ಟು ಮೂಲೆ ಸೇರಿದ ಕೀಲಿಮಣೆಯೊಂದು ಮನೆಯಲ್ಲಿದ್ದರೆ ಮೊದಲ ಪ್ರಯೋಗ ಅದರ ಮೇಲೆಯೇ ನಡೆಯಲಿ. ಅಲ್ಲಿ ಬಣ್ಣ ಸೋರಿದರೂ ನಷ್ಟವಿಲ್ಲ, ಕೈಗೆ ಹದ ಸಿಕ್ಕಿರುತ್ತದೆ.